ಮದುಮಗ, ಮುದುಕಪ್ಪ ಮತ್ತು ನೀಲಿ ಮುಚ್ಚಳದ ಬಾಟಲಿ

“...ಮಾರ್ತಿದ್ದಾಳೆ ಕಣೇ ಅಕ್ಕ! ಅಮ್ಮ ಮುದುಕಪ್ಪನ್ನ ಪೇಂಟ್ ಅಂಗಡಿಯವ್ರಿಗೆ ಮಾರ್ತಿದ್ದಾಳೆ!”

ಫೋನಿನ ಆ ಕಡೆ ಅಕ್ಕ ಆಕಳಿಸಿದ್ದು ಕೇಳಿಸ್ತು. “ಅಷ್ಟೇನಾ? ನೀನು ಕಿರುಚಿದ್ದು ಕೇಳಿ ಯಾರೋ ಬಾವಿಗೆ ಬಿದ್ರು ಅನ್ಕೊಂಡೆ.”

“ಅಷ್ಟೇನಾ ಅಂತೀಯಲ್ಲೇ! ಹಿಂದಿನ ಸೀಟು ಕಿತ್ತು ಹಾಕಿ ಪೇಂಟ್ ಡಬ್ಬ ತುಂಬ್ತಾರಂತೆ! ನಾನು ಬಾಯಿ ತೆರ್ಕೊಂಡು ಮಲಗ್ತಿದ್ದ ಸೀಟು ಅದು. ಇವತ್ತು ಸಂಜೆಯೊಳಗೆ ಹೌದೋ ಅಲ್ವೋ ಹೇಳ್ತೀನಿ ಅಂದಿದ್ದಾಳಂತೆ.”

“ಮಾರ್ಲಿ ಬಿಡೇ. ಆ ಕಾರಿಗೆ ನನಗಿಂತ ವಯಸ್ಸಾಗಿದೆ.”

“ಎಲ್ಲಾ ನಿನ್ನ ಗಂಡನ ಕಿತಾಪತಿ. ಹೊಸ ಕಾರು ತಗೊಂಡಾಗಿಂದ ಅಮ್ಮನ ಕಿವೀಲಿ ಊದ್ತಾನೇ ಇದ್ದಾರೆ.”

“ನನ್ನ ಗಂಡನ ವಿಷಯ ನನ್ನ ಗಂಡನ ಹತ್ರಾನೇ ಮಾತಾಡು. ಇಲ್ಲೇ ಇದ್ದಾರೆ, ಕಾರಿನ ಮೈ ಒರೆಸ್ತಿದ್ದಾರೆ. ಮದುವೆ ಆದಾಗಿಂದ ನನ್ನ ಮುಖ ಒಂದ್ಸಲನೂ ಅಷ್ಟು ಪ್ರೀತಿಯಿಂದ ನೋಡಿಲ್ಲ,” ಅಂತ ಅಕ್ಕ ಫೋನ್ ದಾಟಿಸಿಬಿಟ್ಲು.

ಹೀಗೆ ಬೆಳಬೆಳಗ್ಗೆ ಲಬೋ ಲಬೋ ಅಂತಿದ್ದವಳನ್ನ ಮನೇಲಿ ಗಾಳಿಪಟ ಅಂತ ಕರೀತಾರೆ. ಅಮ್ಮ ಇಟ್ಟ ಹೆಸರು. ಗಾಳಿ ಯಾವ ಕಡೆ ಬೀಸಿದ್ರೆ ಆ ಕಡೆಗೆ ಹಾರ್ತಾಳೆ ಅಂತ. ಹೆಸರಿನ ಬಗ್ಗೆ ಹುಡುಗಿಗೆ ಬೇಜಾರೇನಿಲ್ಲ. ಗಾಳಿಪಟಕ್ಕೆ ಎಲ್ಲಾ ಮೇಲಿಂದ ಕಾಣುತ್ತೆ ಅಂತ ಒಳಗೊಳಗೇ ಹೆಮ್ಮೆ. ದಾರ ಯಾರ ಕೈಲಿದೆ ಅಂತ ಮಾತ್ರ ಯಾವತ್ತೂ ತಲೆ ಕೆಡಿಸ್ಕೊಂಡವಳಲ್ಲ. ಕಾಲೇಜಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದ್ತಿದ್ದಾಳೆ. ಓದೋದೂ ಫೋನಲ್ಲೇ, ಬರೆಯೋದೂ ಫೋನಲ್ಲೇ. ಊಟದ ತಟ್ಟೆ ಕೂಡ ಫೋನಿಗೆ ಒರಗಿಸಿ ಇಡ್ತಾಳೆ ಅಂತ ಅಮ್ಮನ ಕಂಪ್ಲೇಂಟು.

ಇನ್ನು ಮುದುಕಪ್ಪ ಅಂದ್ರೆ ಮನುಷ್ಯ ಅಲ್ಲ, ಅಮ್ಮನ ಕಾರು. ಅಮ್ಮನದು ಡ್ರೈವಿಂಗ್ ಸ್ಕೂಲು. ಮನೆ ಮುಂದಿನ ರೂಮೇ ಆಫೀಸು. ಒಂದು ಮೇಜು, ಗೋಡೆ ತುಂಬ ರಸ್ತೆ ಗುರುತುಗಳ ಚಾರ್ಟು, ಗೇರ್ ಹೆಂಗೆ ಬೀಳುತ್ತೆ ಅಂತ ತೋರಿಸೋಕೆ ಮರದ ಹಲಗೇಲಿ ಕೊರೆದ ಒಂದು ಗೇರ್ ಡಬ್ಬಿ. ಮುದುಕಪ್ಪನಿಗೆ ಎರಡು ಜೊತೆ ಪೆಡಲು. ಓಡಿಸೋರ ಕಾಲ ಕೆಳಗೆ ಒಂದು ಜೊತೆ, ಪಕ್ಕದ ಸೀಟಲ್ಲಿ ಅಮ್ಮನ ಕಾಲ ಕೆಳಗೆ ಇನ್ನೊಂದು: ಒಂದು ಕ್ಲಚ್ಚು, ಒಂದು ಬ್ರೇಕು. ಕಲಿಯೋರು ಗಾಬರಿಬಿದ್ದು ಕಣ್ಣು ಮುಚ್ಕೊಂಡ್ರೂ ಕಾರು ನಿಲ್ಬೇಕಲ್ಲ, ಅದಕ್ಕೆ. ಬೆಳಗಾದ್ರೆ ಅಮ್ಮ ಪಕ್ಕದ ಸೀಟಲ್ಲಿ ಕೂತು, “ನಿಧಾನ... ನಿಧಾನ...” ಅಂತಾನೇ ಇರ್ತಾಳೆ. ಕಲಿತು ಹೋದೋರೆಲ್ಲ ಬೆನ್ನ ಹಿಂದೆ ಅವಳಿಗೆ ನಿಧಾನಮ್ಮ ಅಂತಾರೆ. ಗಾಳಿಪಟ ಕೂಡ ಅದೇ ಕಾರಲ್ಲಿ, ಅದೇ ನಿಧಾನ ಕೇಳ್ಕೊಂಡೇ ಕಲಿತು, ಮೊದಲನೇ ಸಲಕ್ಕೇ ಲೈಸೆನ್ಸ್ ತಗೊಂಡವಳು. ಆವತ್ತು ತೆಗೆದ ಫೋಟೋ ಇವತ್ತಿಗೂ ಅವಳ ಪ್ರೊಫೈಲಲ್ಲಿದೆ. ಸ್ಟೀರಿಂಗ್ ಮೇಲೆ ಒಂದು ಕೈ, ಕಣ್ಣಿಗೆ ಕಪ್ಪು ಕನ್ನಡಕ, ಕೆಳಗೆ “ರಸ್ತೆ ನನ್ನದು” ಅಂತ ಬರಹ.

“ಏನಮ್ಮಾ ಗಾಳಿಪಟ?” ಭಾವನ ದನಿ ಕೇಳಿಸ್ತು. “ಹಳೇ ಡಬ್ಬಕ್ಕೆ ಹೊಸ ಡಬ್ಬ ತುಂಬ್ತಾರೆ. ಅದಕ್ಕ್ಯಾಕೆ ಇಷ್ಟು ಗೋಳು?”

“ಭಾವ, ಡಬ್ಬ ಅನ್ಬೇಡಿ. ನೀವು ಕಲಿತಿದ್ದೂ ಅದರಲ್ಲೇ. ಅಕ್ಕ ಸಿಕ್ಕಿದ್ದೂ ಅದರಿಂದಾನೇ.”

“ಅದಕ್ಕೇ ಹೇಳ್ತಿರೋದು, ಆ ಕಾರಿಂದ ಆಗಿರೋ ಅನಾಹುತ ಸಾಕು ಅಂತ.”

ಹಿಂದೆಯಿಂದ ಅಕ್ಕ ಏನೋ ಎಸೆದ ಸದ್ದು. ಭಾವ ನಕ್ಕು ದನಿ ಬದಲಿಸಿದ. “ನೋಡು, ತಮಾಷೆ ಬಿಡು. ಈಗ ಕಲಿಯೋಕೆ ಬರೋ ಹುಡುಗರು ಪವರ್ ಸ್ಟೀರಿಂಗ್ ಕೇಳ್ತಾರೆ. ಮುದುಕಪ್ಪನ ಸ್ಟೀರಿಂಗ್ ತಿರುಗಿಸೋದು ಅಂದ್ರೆ ಬಾವಿಯಿಂದ ನೀರು ಸೇದಿದ ಹಾಗೆ. ಮುಂದಿನ ಬೀದಿ ಸ್ಕೂಲಿನವನು ಎರಡು ಹೊಸ ಕಾರು ಇಟ್ಟಿದ್ದಾನೆ. ಅತ್ತೆ ಹತ್ರ ಈ ತಿಂಗಳು ಎಷ್ಟು ಜನ ಸೇರಿದ್ರು ಕೇಳು.”

ಕೇಳ್ಬೇಕಾಗಿರ್ಲಿಲ್ಲ. ಆಫೀಸು ರೂಮಲ್ಲಿ ಅಮ್ಮ ಗೇರ್ ಡಬ್ಬಿಯ ಧೂಳು ಒರೆಸ್ತಾ ಕೂತಿದ್ದು ಬಾಗಿಲಿಂದಾನೇ ಕಾಣ್ತಿತ್ತು. ಒರೆಸಿದ್ದನ್ನೇ ಮತ್ತೆ ಒರೆಸ್ತಿದ್ಲು.

ಗಾಳಿಪಟದ ತಲೆಗೆ ಗಾಳಿ ಹೊಕ್ಕಿದ್ದು ಆಗಲೇ. “ಟೆಸ್ಟ್ ಮಾಡೋಣ ಭಾವ! ಸರಿಯಾಗಿ, ವೈಜ್ಞಾನಿಕವಾಗಿ. ನಿಮ್ಮ ಕಾರು, ನಮ್ಮ ಕಾರು. ಪಿಕಪ್ಪು, ಬ್ರೇಕು. ಯಾವುದು ಡಬ್ಬ ಅಂತ ಅಂಕಿಅಂಶ ಹೇಳ್ಲಿ.”

ಅಮ್ಮ ಒರೆಸೋದು ನಿಲ್ಲಿಸಿ ತಲೆ ಎತ್ತಿದ್ಲು. “ಆಯ್ತು ಮಾಡಿ. ಕಲಿಯೋರನ್ನ ಧೈರ್ಯವಾಗಿ ರೋಡಿಗೆ ಕರ್ಕೊಂಡು ಹೋಗೋಷ್ಟು ತಾಕತ್ತು ಅವನಲ್ಲಿ ಉಳಿದಿದ್ರೆ ಇಟ್ಕೋತೀನಿ. ಇಲ್ಲಾಂದ್ರೆ ಸಂಜೆ ಪೇಂಟ್ ಅಂಗಡಿಯವ್ರಿಗೆ ಹೂಂ ಅಂತೀನಿ. ಆಮೇಲೆ ಅಳೋದು, ಊಟ ಬಿಡೋದು, ಬಾಗಿಲು ದಡಾರ್ ಅನ್ಸೋದು ಯಾವುದೂ ಇರಬಾರ್ದು.”

“ಇರಲ್ಲ,” ಅಂದ್ಲು ಗಾಳಿಪಟ. ಗೆದ್ದೇ ಬಿಟ್ಟೆ ಅನ್ನೋ ಮುಖ ಆಗಲೇ ಬಂದುಬಿಟ್ಟಿತ್ತು.

*

ಊರಾಚೆ, ಮುಚ್ಚಿಹೋಗಿದ್ದ ಗೋದಾಮಿನ ಹಿಂದೆ ಒಂದು ಬಯಲು. ಡ್ರೈವಿಂಗ್ ಸ್ಕೂಲುಗಳೆಲ್ಲ ಅಲ್ಲೇ ಕಲಿಸೋದು. ಅಮ್ಮ ಮುಂಚೇನೇ ಒಬ್ಳೇ ಮುದುಕಪ್ಪನ್ನ ತಂದು ನಿಲ್ಲಿಸಿದ್ಲು. ಭಾವ ಗಾಳಿಪಟವನ್ನ ಕೂರಿಸ್ಕೊಂಡು ತನ್ನ ಹೊಸ ಕಾರಲ್ಲಿ ಬಂದಿಳಿದ. ಅದಕ್ಕೆ ಗಾಳಿಪಟ ಮದುಮಗ ಅಂತ ಹೆಸರಿಟ್ಟಿದ್ಲು. ಮೈಯೆಲ್ಲ ಮಿಂಚು, ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ, ಯಾರು ಮುಟ್ಟಿದ್ರೂ ಟಿಣ್ ಟಿಣ್ ಅಂತ ಸಿಡಿಮಿಡಿ. ಬೆಲ್ಟ್ ಹಾಕದಿದ್ರೆ ಟಿಣ್, ಬಾಗಿಲು ಅರ್ಧ ಮುಚ್ಚಿದ್ರೆ ಟಿಣ್, ಹಿಂದೆ ಹೋದ್ರೆ ಟಿಣ್ ಟಿಣ್ ಟಿಣ್. ಯಾವಾಗ ಗೇರ್ ಬದಲಿಸ್ಬೇಕು ಅಂತ ಮುಂದೆ ಪರದೆ ಮೇಲೆ ಬಾಣ ಬರುತ್ತೆ.

ಮುದುಕಪ್ಪನದು ಬೇರೇ ಕಾಲದ ನಡವಳಿಕೆ. ಬೆಳಗ್ಗೆ ಚಳಿಯಲ್ಲಿ ಎಬ್ಬಿಸ್ಬೇಕಾದ್ರೆ ಚೋಕ್ ಗುಂಡಿ ಎಳೆದು, ಸ್ವಲ್ಪ ಹೊತ್ತು ಕಾದು, ಒಂದೆರಡು ಒಳ್ಳೇ ಮಾತಾಡ್ಬೇಕು. ಕಿಟಕಿ ಇಳಿಸೋಕೆ ಹಿಡಿ ತಿರುಗಿಸ್ಬೇಕು. ಬಾಣಗೀಣ ಇಲ್ಲ. ಇಂಜಿನ್ ಗೊಣಗೋದು ಕೇಳಿಸ್ಕೊಂಡು ನಾವೇ ಗೇರ್ ಹಾಕ್ಬೇಕು. “ಅವನ ಇಂಜಿನ್ ನಿಮ್ಮದಕ್ಕಿಂತ ದೊಡ್ಡದು ಭಾವ,” ಅಂದ್ಲು ಗಾಳಿಪಟ, ಫೋನ್ ನೋಡ್ಕೊಂಡು.

“ದೊಡ್ಡದಾದ್ರೆ ಏನು? ನನ್ನ ಹೊಟ್ಟೇನೂ ದೊಡ್ಡದೇ. ಓಡೋಕೆ ಆಗುತ್ತಾ?”

ಈ ಟೆಸ್ಟಿಗೆ ಗಾಳಿಪಟ ಮಾಡ್ಕೊಂಡ ತಯಾರಿ ನೋಡ್ಬೇಕಿತ್ತು. ಎರಡು ಕಾರಿನ ಟೈರಿಗೂ ಗಾಳಿ ಹಾಕಿಸಿದ್ಲು, ಒಂದೇ ಬಂಕಲ್ಲಿ ಪೆಟ್ರೋಲ್ ಹಾಕಿಸಿದ್ಲು. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ್ಲು. ಗೆರೆ ಆಚೆ, ಕಾರು ಹೋಗೋ ದಾರಿಯ ಅಂಚಲ್ಲಿ ಮೂರು ನೀರಿನ ಬಾಟಲಿ ಸಾಲಾಗಿ ಇಟ್ಲು: ಹತ್ತಿರದ್ದಕ್ಕೆ ಹಸಿರು ಮುಚ್ಚಳ, ನಡುವಿನದಕ್ಕೆ ನೀಲಿ, ದೂರದ್ದಕ್ಕೆ ಕೆಂಪು. ನಲವತ್ತರ ಸ್ಪೀಡಲ್ಲಿ ಬಂದು ಗೆರೆ ಮೇಲೆ ಬ್ರೇಕ್ ಒತ್ತಿದ್ರೆ ಕಾರು ಯಾವ ಬಾಟಲಿ ಹತ್ರ ನಿಲ್ಲುತ್ತೆ, ಅದೇ ಲೆಕ್ಕ. “ನಮ್ಮ ಲೆಕ್ಚರರ್ ಹೇಳ್ತಾರೆ, ಹೋಲಿಸ್ಬೇಕು ಅಂದ್ರೆ ಒಂದೇ ಒಂದು ವಿಷಯ ಬೇರೆ ಇರ್ಬೇಕು, ಮಿಕ್ಕಿದ್ದೆಲ್ಲ ಸಮ ಇರ್ಬೇಕು ಅಂತ,” ಅಂತ ಇಬ್ಬರಿಗೂ ಪಾಠ ಮಾಡಿದ್ಲು. “ಅದಕ್ಕೇ ಎರಡು ಕಾರೂ ನಾನೇ ಓಡಿಸ್ತೀನಿ.”

“ಒಬ್ಳನ್ನೇ ಬಿಡಲ್ಲ,” ಅಂತ ಅಮ್ಮ ಮುದುಕಪ್ಪನ ಪಕ್ಕದ ಸೀಟಲ್ಲಿ ಕೂತ್ಬಿಟ್ಲು.

“ನನ್ನ ಕಾರನ್ನೂ ಒಬ್ಳಿಗೇ ಕೊಡಲ್ಲ,” ಅಂದ ಭಾವ. “ಅದಕ್ಕೆ ನಾನು ಕೂರ್ತೀನಿ.”

ಗಾಳಿಪಟ ಒಂದು ಕ್ಷಣ ಯೋಚಿಸಿ, ದೊಡ್ಡ ಮನಸ್ಸು ಮಾಡಿ ಒಪ್ಪಿದ್ಲು. ಎರಡು ಕಾರಲ್ಲೂ ಪಕ್ಕದಲ್ಲಿ ಓನರ್. ಭಾರ ಹೆಚ್ಚುಕಮ್ಮಿ ಸಮ. ಭಾವನ ಹೊಟ್ಟೆಯಿಂದ ಸ್ವಲ್ಪ ವ್ಯತ್ಯಾಸ ಬರಬಹುದು ಅಂತ ಫೋನಲ್ಲಿ ಟಿಪ್ಪಣಿ ಕೂಡ ಹಾಕ್ಕೊಂಡ್ಲು. ಹೊಟ್ಟೆ ಗಮನಿಸಿದವಳು ಕಾಲು ಗಮನಿಸ್ಲಿಲ್ಲ.

ಮೊದಲು ಪಿಕಪ್. ನಿಂತಲ್ಲಿಂದ ಹೊರಟು ನಲವತ್ತು ಮುಟ್ಟೋಕೆ ಎಷ್ಟು ಹೊತ್ತು ಅಂತ. ಭಾವ ದೂರದಲ್ಲಿ ಫೋನ್ ಹಿಡಿದು ನಿಂತ. ಗಾಳಿಪಟ ಮುದುಕಪ್ಪನ ಆಕ್ಸಿಲರೇಟರನ್ನ ನೆಲಕ್ಕೆ ಹತ್ತೋ ಹಾಗೆ ತುಳಿದ್ಲು.

“ನಿಧಾನ...” ಅಂದ್ಲು ಅಮ್ಮ.

“ಅಮ್ಮಾ, ಇದು ಪಿಕಪ್ ಟೆಸ್ಟ್!”

“ಗೊತ್ತು ಕಣೇ. ಬಾಯಿಗೆ ಅಭ್ಯಾಸ.”

ಮುದುಕಪ್ಪ ಊಂ ಅಂದ, ಮೈ ನಡುಗಿಸಿದ, ನೀರಲ್ಲಿ ನಡೆಯೋ ಎಮ್ಮೆ ಥರ ಮುಂದೆ ಹೋದ. ಮುಳ್ಳು ಇಪ್ಪತ್ತರ ಹತ್ರ ಬಂದು ಅಲ್ಲೇ ತೂಗಾಡಿಕೊಂಡು ನಿಲ್ತು. ಗಾಳಿಪಟ ಸೀಟಿಂದ ಮುಂದಕ್ಕೆ ಬಾಗಿ, “ಹೋಗು ರಾಜ, ಹೋಗು ಬಂಗಾರ,” ಅಂತ ಹುರಿದುಂಬಿಸಿದ್ಲು. ಬಂಗಾರ ನಲವತ್ತು ಮುಟ್ಟೋ ಹೊತ್ತಿಗೆ ಬಯಲೇ ಮುಗೀತಾ ಬಂದಿತ್ತು. ಮೂರು ಸಲ ಮಾಡಿದ್ರೂ ಅದೇ ಕಥೆ. ಮೂರನೇ ಸಲ ಕಾರೊಳಗೆ ಏನೋ ಸುಟ್ಟ ವಾಸನೆ ಬಂತು.

“ವಯಸ್ಸಾಯ್ತು ಪಾಪ,” ಅಂತ ಅಮ್ಮ ಡ್ಯಾಶ್‌ಬೋರ್ಡ್ ಸವರಿದ್ಲು. “ಆದ್ರೂ ವಿಚಿತ್ರ. ನಾನು ಒಬ್ಳೇ ಓಡಿಸ್ಕೊಂಡು ಬಂದಾಗ ಚೆನ್ನಾಗೇ ಬಂದಿದ್ದ.”

“ಅದು ನಿನ್ನ ಪ್ರೀತಿ ಅಮ್ಮ,” ಅಂದ್ಲು ಗಾಳಿಪಟ, ಒಳ್ಳೇ ಡಾಕ್ಟರ್ ಥರ ತಲೆ ಅಲ್ಲಾಡಿಸಿ. “ಪ್ರೀತಿ ಬೇರೆ, ಡೇಟಾ ಬೇರೆ.”

ಆಮೇಲೆ ಬ್ರೇಕು. ಇಲ್ಲಿ ಮುದುಕಪ್ಪ ಎಲ್ಲರ ಬಾಯಿ ಮುಚ್ಚಿಸಿದ. ಗೆರೆ ಹತ್ರ ಬಂದಿದ್ದೇ ತಡ, ಗಾಳಿಪಟದ ಕಾಲು ಇನ್ನೇನು ಪೆಡಲ್ ಮುಟ್ಬೇಕು, ಅಷ್ಟರೊಳಗೆ ಗಕ್ಕಂತ ನಿಂತ. ಹಸಿರು ಮುಚ್ಚಳದ ಬಾಟಲಿಗೆ ಇನ್ನೂ ಜಾಗ ಇತ್ತು. ಎರಡನೇ ಸಲವೂ ಹಾಗೇ. “ನೋಡಿದ್ರಾ ಭಾವ? ಮನಸ್ಸಲ್ಲಿ ಅಂದ್ಕೊಂಡ್ರೆ ಸಾಕು, ನಿಲ್ತಾನೆ! ಇದು ಹಳೇ ಕಾಲದ ಉಕ್ಕು!”

ಭಾವನಿಗೆ ನಿಜವಾಗ್ಲೂ ಆಶ್ಚರ್ಯ. ಗಲ್ಲ ಕೆರ್ಕೊಂಡ.

ಈಗ ಮದುಮಗನ ಸರದಿ. ಅಮ್ಮ ಇಳಿದು ಫೋನ್ ಹಿಡಿದು ನಿಂತ್ಲು. ಭಾವ ಪಕ್ಕದಲ್ಲಿ ಕೂತು, ಬೆಲ್ಟ್ ಹಾಕ್ಕೊಂಡು, ಮೇಲಿನ ಹಿಡಿಯನ್ನೂ ಹಿಡ್ಕೊಂಡ. ಪಿಕಪ್ ಬಗ್ಗೆ ಹೇಳೋಕೇನೂ ಇಲ್ಲ. ಗಾಳಿಪಟ ಆಕ್ಸಿಲರೇಟರ್ ಮೇಲೆ ಕಾಲಿಟ್ಲು, ಬೆನ್ನು ಸೀಟಿಗೆ ಅಂಟ್ಕೊಂಡ್ತು, ನಲವತ್ತು ದಾಟಿ ಎಷ್ಟೋ ಹೊತ್ತಾದ್ಮೇಲೆ ಅವಳಿಗೆ ಗೊತ್ತಾಯ್ತು. ಬ್ರೇಕ್ ಟೆಸ್ಟಲ್ಲಿ ಮಾತ್ರ ಬೇರೆ ಆಯ್ತು. ಗೆರೆ ಬಂತು. ಅವಳ ಕಾಲು ಯಾಕೋ ಒಂದು ಚೂರು ಕಾಯ್ತು. ಯಾತಕ್ಕೆ ಕಾಯ್ತು ಅಂತ ಅವಳಿಗೂ ತಿಳೀಲಿಲ್ಲ. ಆಮೇಲೆ ಒತ್ತಿದ್ಲು. ಮದುಮಗ ಕಾಲ ಕೆಳಗೆ ಗಡಗಡ ಅಂತ ನಡುಗಿ, ಹಸಿರು ದಾಟಿ, ಸ್ವಲ್ಪ ಪಕ್ಕಕ್ಕೆ ಸರಿದು ನೀಲಿ ಮುಚ್ಚಳದ ಬಾಟಲಿಯನ್ನ ಉರುಳಿಸಿ ನಿಂತ.

“ಅಯ್ಯೋ ನನ್ನ ಬಂಪರ್!” ಅಂದ ಭಾವ.

“ಅಯ್ಯೋ ನಿಮ್ಮ ಬ್ರೇಕು!” ಅಂದ್ಲು ಗಾಳಿಪಟ.

ಅಲ್ಲೇ ನಿಂತು ಕ್ಲಾಸ್ ಗ್ರೂಪಿಗೆ ಉದ್ದದ ವಾಯ್ಸ್ ಮೆಸೇಜ್ ಹಾಕಿದ್ಲು. ಶಕ್ತಿಯಲ್ಲಿ ಹೊಸ ಕಾಲ, ಸಂಯಮದಲ್ಲಿ ಹಳೇ ಕಾಲ. ನಮ್ಮ ಪೀಳಿಗೆಗೆ ಓಡೋದು ಗೊತ್ತು, ನಿಲ್ಲೋದು ಗೊತ್ತಿಲ್ಲ. ಕಂಪ್ಯೂಟರ್ ಬ್ರೇಕ್‌ಗಿಂತ ಕಬ್ಬಿಣದ ಬ್ರೇಕು ಮೇಲು ಅಂತ ತನ್ನ ಟೆಸ್ಟಿಂದ ಸಾಬೀತಾಗಿದೆ. ಹೇಳ್ತಾ ಹೇಳ್ತಾ ಅವಳ ಗಂಟಲೇ ತುಂಬಿ ಬಂತು. ಗೆಳತಿಯರು ಚಪ್ಪಾಳೆ ಚಿತ್ರಗಳನ್ನ ಸುರಿಸಿದ್ರು. ಲೆಕ್ಚರರ್ ಒಂದೇ ಸಾಲು ಕಳಿಸಿದ್ರು: “ಪಕ್ಕದಲ್ಲಿ ಯಾರು ಕೂತಿದ್ರು?”

“ಇವರಿಗೇನು ಅದೆಲ್ಲ ವಿಚಾರ,” ಅಂತ ಗಾಳಿಪಟ ಫೋನ್ ಜೇಬಿಗೆ ಹಾಕ್ಕೊಂಡ್ಲು.

ಆದ್ರೆ ಅಮ್ಮ ಮುದುಕಪ್ಪನ ಬಾನೆಟ್ ಮೇಲೆ ಕೈ ಇಟ್ಕೊಂಡು ನಿಂತಿದ್ಲು. “ನಿಲ್ಲೋದು ಸರಿ. ಹೊರಡೋಕೆ ಆಗ್ಬೇಕಲ್ವಾ? ಇಷ್ಟು ಸುಸ್ತಾಗಿರೋ ಕಾರಲ್ಲಿ ಕಲಿಯೋರನ್ನ ಕೂರಿಸ್ಕೊಂಡು ಲಾರಿಗಳ ನಡುವೆ ಹೋದ್ರೆ, ಹಿಂದಿನವನು ಬಂದು ಗುದ್ದಿದ್ರೆ? ಬೇಡಮ್ಮ. ಟೆಸ್ಟ್ ಮಾಡಿದ್ದು ಒಳ್ಳೇದಾಯ್ತು. ಮನಸ್ಸಲ್ಲಿ ಹೌದೋ ಅಲ್ವೋ ಅಂತಿತ್ತು, ಈಗ ಸ್ಪಷ್ಟ ಆಯ್ತು.”

ಗಾಳಿಪಟ ಅಲ್ಲೇ ಸೀಮೆಸುಣ್ಣದ ಗೆರೆ ಮೇಲೆ ಕೂತ್ಬಿಟ್ಲು. ಮುದುಕಪ್ಪನ್ನ ಉಳಿಸೋಕೆ ಹೊರಟಿದ್ದವಳು ತಾನು. ಅವನ ವಿರುದ್ಧ ಸಾಕ್ಷಿ ಹೊಂದಿಸಿ, ಅಂಕಿಅಂಶ ಸಮೇತ ಅಮ್ಮನ ಕೈಗೆ ಕೊಟ್ಟವಳೂ ತಾನೇ. ಟೈರಿಗೆ ಗಾಳಿ ಬೇರೆ ಹಾಕಿಸಿ ಕೊಟ್ಟಿದ್ಲು, ಪೇಂಟ್ ಅಂಗಡಿಯವ್ರಿಗೆ ಅನುಕೂಲ ಆಗ್ಲಿ ಅಂತ.

*

“ಇಂಜಿನ್ ಆರ್ಲಿ, ಮುದುಕಪ್ಪ ಇಲ್ಲೇ ಇರ್ಲಿ,” ಅಂದ ಭಾವ. ಗೆದ್ದವರು ತೋರಿಸೋ ಮೃದುತನ ಅವನ ದನೀಲಿತ್ತು. “ಅತ್ತೆ, ನೀವು ಇವತ್ತಾದ್ರೂ ನನ್ನ ಕಾರಲ್ಲಿ ಕೂತು ನೋಡಿ. ನಾಳೆ ಸ್ಕೂಲಿಗೆ ಇದೇ ಥರದ್ದು ತಗೊಂಡ್ರೆ ಹೆಂಗಿರುತ್ತೆ ಅಂತ ಗೊತ್ತಾಗ್ಲಿ. ಗಾಳಿಪಟ ಓಡಿಸ್ಲಿ, ನಾನು ಹಿಂದೆ ಕೂರ್ತೀನಿ.”

ಅಮ್ಮ ಮುಂದೆ ಕೂತ್ಲು, ಪಕ್ಕದ ಸೀಟಲ್ಲಿ. ಮದುಮಗ ಟಿಣ್ ಅಂದ, ಅಮ್ಮ “ಆಯ್ತಪ್ಪ ಆಯ್ತು” ಅಂತ ಬೆಲ್ಟ್ ಹಾಕ್ಕೊಂಡ್ಲು.

ಗಾಳಿಪಟ ಸೊಟ್ಟ ಮುಖ ಹಾಕ್ಕೊಂಡೇ ಓಡಿಸಿದ್ಲು. ಮೊದಲನೇ ತಿರುವಲ್ಲಿ ದಬ್ ಅಂತ ಏನೋ ಸದ್ದಾಯ್ತು. ಸ್ಪೀಡ್ ಬ್ರೇಕರ್ ಹತ್ರ ಮತ್ತೆ ದಬ್. ಸೈಕಲ್‌ನವನು ಅಡ್ಡ ಬಂದಾಗ ದಬ್ ದಬ್.

“ಭಾವ, ನಿಮ್ಮ ಹೊಸ ಕಾರು ಬಡ್ಕೊಳ್ತಿದೆ.”

“ನನ್ನ ಕಾರಲ್ಲ ಕಣೇ, ನನ್ನ ಎದೆ ಬಡ್ಕೊಳ್ತಿರೋದು. ಸ್ವಲ್ಪ ಮುಂದೆ ನೋಡ್ಕೊಂಡು ಓಡಿಸು.”

ಮುಂದೆ ನೋಡಿದ್ಲು. ಪೇಂಟ್ ಅಂಗಡಿ ಬೀದಿ. ಅಂಗಡಿ ಮುಂದೆ ಖಾಲಿ ಡಬ್ಬಗಳನ್ನ ಒಂದರ ಮೇಲೊಂದು ಗೋಪುರ ಮಾಡಿ ಪೇರಿಸಿದ್ರು. ಅದನ್ನ ನೋಡ್ತಿದ್ದ ಹಾಗೇ ಅವಳಿಗೆ ಮುದುಕಪ್ಪನ ಹಿಂದಿನ ಸೀಟು ನೆನಪಾಯ್ತು, ಆ ಸೀಟಲ್ಲಿ ಈ ಡಬ್ಬಗಳು ಕೂತ್ಕೊಂಡು ಮೆರವಣಿಗೆ ಹೋಗೋದು ಕಣ್ಣಿಗೆ ಕಟ್ತು, ಕಣ್ಣು ಮಂಜಾಯ್ತು. ಡಬ್ಬಗಳು ಹತ್ರ ಬಂದ್ವು. ತೀರಾ ಹತ್ರ ಬಂದ್ವು. ಅವಳ ಕಾಲು ಮತ್ತೆ ಒಂದು ಚೂರು ಕಾಯ್ತು.

ದಬ್! ದಬ್! ದಬ್!

“ನಿಲ್ತಿಲ್ಲ ಕಣೇ!” ಅಂತ ಅಮ್ಮ ಕಿರುಚಿದ್ಲು. ಜನ್ಮದಲ್ಲೇ ಅಮ್ಮ ಕಿರುಚಿದ್ದನ್ನ ಗಾಳಿಪಟ ಕೇಳಿರ್ಲಿಲ್ಲ. ಬೆಚ್ಚಿಬಿದ್ದು ಬ್ರೇಕ್ ಒತ್ತಿದ್ಲು. ಮದುಮಗ ಗಡಗಡ ನಡುಗಿ ನಿಂತ. ನಿಲ್ಲೋಕೆ ಮುಂಚೆ ಗೋಪುರದ ಬುಡಕ್ಕೆ ಮೆತ್ತಗೆ ಮೂಗು ತಾಗಿಸಿದ. ಒಂದು ಕ್ಷಣ ಏನೂ ಆಗ್ಲಿಲ್ಲ. ಆಮೇಲೆ ಮೇಲಿನ ಡಬ್ಬ ಯೋಚನೆ ಮಾಡಿ ಕೆಳಗೆ ಬಿತ್ತು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಸಂಸಾರ ಡಣಡಣ ಅಂತ ಬೀದಿ ತುಂಬ ಉರುಳ್ಕೊಂಡು ಹೋಯ್ತು.

ಮದುಮಗ ಒಬ್ಬನೇ ಟಿಣ್ ಟಿಣ್ ಅಂತಿದ್ದ.

ಅಮ್ಮ ತನ್ನ ಕಾಲು ನೋಡ್ಕೊಂಡ್ಲು. ಕಾಲ ಕೆಳಗಿನ ಮ್ಯಾಟು ಮುದುಡಿ ಮುದ್ದೆ ಆಗಿತ್ತು. “ಇಲ್ಲಿ ಪೆಡಲ್ಲೇ ಇಲ್ಲ,” ಅಂದ್ಲು ಮೆಲ್ಲಗೆ.

“ಇರಲ್ಲ ಅತ್ತೆ,” ಅಂದ ಭಾವ ಹಿಂದಿಂದ, ಉಸಿರೇ ಇಲ್ಲದ ದನೀಲಿ. “ಸ್ಕೂಲ್ ಕಾರಿಗೆ ಮಾತ್ರ ಇರುತ್ತೆ.”

“ಗೊತ್ತಪ್ಪ. ನನಗೆ ಗೊತ್ತು. ಕಾಲಿಗೆ ಗೊತ್ತಿಲ್ಲ.”

ಗಾಳಿಪಟ ಅಮ್ಮನ ಕಾಲು ನೋಡಿದ್ಲು, ಮ್ಯಾಟು ನೋಡಿದ್ಲು. ಅವಳ ತಲೆಯೊಳಗೆ ಹಸಿರು, ನೀಲಿ, ಕೆಂಪು ಬಾಟಲಿಗಳು ಒಂದೊಂದಾಗಿ ಉರುಳೋಕೆ ಶುರುವಾದ್ವು.

“ಅಮ್ಮ. ಬಯಲಲ್ಲಿ... ಬ್ರೇಕ್ ಟೆಸ್ಟ್ ಮಾಡಿದಾಗ, ನೀನೂ ಒತ್ತಿದ್ಯಾ?”

“ಒತ್ತಿರ್ತೀನೇನೋ. ನೀನು ಒತ್ತೋವರೆಗೂ ಯಾರು ಕಾಯ್ತಾರೆ?”

“ಪಿಕಪ್ ಟೆಸ್ಟಲ್ಲೂ?”

“ನೀನು ಹಂಗೆ ದೆವ್ವ ಹೊಕ್ಕವಳ ಥರ ಆಕ್ಸಿಲರೇಟರ್ ತುಳಿದ್ರೆ ನನ್ನ ಕಾಲು ಸುಮ್ನೆ ಕೂರುತ್ತಾ?”

ಸುಟ್ಟ ವಾಸನೆ! ಪಾಪ, ಮುದುಕಪ್ಪ ಮಗಳ ಮಾತು ಕೇಳ್ಬೇಕೋ ತಾಯಿ ಮಾತು ಕೇಳ್ಬೇಕೋ ಅಂತ ನಡುವೆ ಸಿಕ್ಕಿ ಬೇಯ್ತಿದ್ದ. ಇವಳು ಅದನ್ನ ಮುಪ್ಪು ಅಂತ ಬರ್ಕೊಂಡಿದ್ಲು. ಹೊಟ್ಟೆ ಸಮೇತ ಎಲ್ಲಾ ಸಮ ಮಾಡಿ, ಎರಡು ಕಾಲದ ಕಾರು ಹೋಲಿಸ್ತೀನಿ ಅಂತ ಹೋಗಿ, ಅಮ್ಮನ ಕಾಲು ಇರೋ ಕಾರನ್ನೂ ಅಮ್ಮನ ಕಾಲು ಇಲ್ಲದ ಕಾರನ್ನೂ ಹೋಲಿಸಿ ಬಂದಿದ್ಲು.

ಜೇಬಲ್ಲಿದ್ದ ಫೋನು ಬಿಸಿ ಅನ್ನಿಸ್ತು. “ಪಕ್ಕದಲ್ಲಿ ಯಾರು ಕೂತಿದ್ರು?” ಅದು ಕಾಡುಹರಟೆ ಆಗಿರ್ಲಿಲ್ಲ.

ಅದಕ್ಕಿಂತ ಕೆಟ್ಟ ಯೋಚನೆ ಒಂದು ಹಿಂದೆಯೇ ಬಂತು. “ಅಮ್ಮ, ನಾನು ಕಲಿಯೋವಾಗೆಲ್ಲ ಹಿಂಗೇನಾ? ಅಲ್ಲ, ಲೈಸೆನ್ಸ್ ಟೆಸ್ಟ್ ದಿನ ನೀನು ಹಿಂದೆ ಕೂತಿದ್ದೆ. ಪಕ್ಕದಲ್ಲಿ ಇನ್ಸ್‌ಪೆಕ್ಟರ್ ಇದ್ರು. ಅವರು ಬ್ರೇಕ್ ಒತ್ತಿರಲ್ಲ ಅಲ್ವಾ?”

ಅಮ್ಮ ಕಿಟಕಿ ಆಚೆ ಉರುಳ್ತಿದ್ದ ಡಬ್ಬ ನೋಡಿದ್ಲು. “ಅವರ ಕಾಲು ನನಗೆ ಹೆಂಗೆ ಕಾಣ್ಬೇಕು? ಇಳಿದಾಗ ಮಾತ್ರ ತುಂಬ ಬೆವೆತಿದ್ರು.”

ಭಾವ ಹಿಂದೆ ಕೂತು ಬಿದ್ದೂ ಬಿದ್ದೂ ನಗೋಕೆ ಶುರು ಮಾಡಿದ. “ರಸ್ತೆ ನನ್ನದು!” ಅಂತ ತೊಡೆ ತಟ್ಟಿಕೊಂಡ. ಗಾಳಿಪಟ ಫೋನ್ ತೆಗೆದು, ಮೊದಲು ಪ್ರೊಫೈಲ್ ಫೋಟೋ ಬದಲಿಸಿದ್ಲು. ಆಮೇಲೆ ವಾಯ್ಸ್ ಮೆಸೇಜ್ ಅಳಿಸೋಕೆ ನೋಡಿದ್ಲು. ಅಷ್ಟರಲ್ಲಿ ಅದನ್ನ ಯಾರೋ ಇನ್ನೊಂದು ಗ್ರೂಪಿಗೂ ದಾಟಿಸಿದ್ರು.

ಪೇಂಟ್ ಅಂಗಡಿಯವರು ಹೊರಗೆ ಬಂದ್ರು. ಬೆರಳೆಲ್ಲ ಬಣ್ಣ, ಮುಖದಲ್ಲಿ ತಾಳ್ಮೆ. ಕೆಳಗೆ ಬಿದ್ದ ಡಬ್ಬ ಒಂದನ್ನ ಎತ್ತಿ ಕಂಕುಳಲ್ಲಿ ಇಟ್ಕೊಂಡು ಕಿಟಕಿಗೆ ಬಗ್ಗಿದ್ರು. “ಏನು ಮೇಡಂ, ಸಂಜೆಯೊಳಗೆ ಹೇಳ್ತೀನಿ ಅಂದಿದ್ರಿ. ಹಿಂಗೆ ಹೇಳ್ತೀರ ಅಂತ ಗೊತ್ತಿರ್ಲಿಲ್ಲ.”

“ಕ್ಷಮಿಸಿ, ನನ್ನ ಮಗಳು,” ಅಂದ್ಲು ಅಮ್ಮ. ಬೇರೇನೂ ವಿವರಣೆ ಬೇಕಾಗ್ಲಿಲ್ಲ. “ಒಂದು ಗಳಿಗೆ ಟೈಮ್ ಕೊಡಿ. ಒಂದು ಟೆಸ್ಟ್ ಬಾಕಿ ಇದೆ. ಮುಗಿಸಿ ಬಂದು ಹೇಳ್ತೀನಿ.”

ಭಾವ, ಗಾಳಿಪಟ ಇಬ್ಬರೂ ಇಳಿದು ಬೀದಿ ತುಂಬ ಬಗ್ಗಿ ಬಗ್ಗಿ ಡಬ್ಬ ಆರಿಸಿ ಮತ್ತೆ ಗೋಪುರ ಕಟ್ಟಿದ್ರು. ಎರಡು ಸಲ ಬಿತ್ತು. ಅಂಗಡಿಯವರು ಬಂದು, “ಬಿಡಿ, ನಾನೇ ಮಾಡ್ತೀನಿ,” ಅಂತ ಕೈಯಿಂದ ಕಿತ್ಕೊಂಡ್ರು.

*

ಬಯಲಿಗೆ ವಾಪಸ್ ಹೋಗೋವಾಗ ಮದುಮಗನ್ನ ಭಾವನೇ ಓಡಿಸಿದ. ಗಾಳಿಪಟ ಹಿಂದಿನ ಸೀಟಲ್ಲಿ ಪ್ಲಾಸ್ಟಿಕ್ ಕವರ್ ಮೇಲೆ ಸರಸರ ಅಂತ ಜಾರ್ಕೊಂಡು, ತುಟಿ ಬಿಗಿದು ಕೂತಿದ್ಲು.

ಈ ಸಲ ಅಮ್ಮ ಒಬ್ಳೇ ಮುದುಕಪ್ಪನ್ನ ಹತ್ತಿದ್ಲು. ಓಡಿಸೋ ಸೀಟಲ್ಲಿ ಅಮ್ಮನ್ನ ನೋಡೋದೇ ಗಾಳಿಪಟಕ್ಕೆ ಹೊಸದು ಅನ್ನಿಸ್ತು. ಯಾವಾಗ್ಲೂ ಪಕ್ಕದಲ್ಲಿ ಕೂತೋಳು, ಬೇರೆಯವರ ತಪ್ಪಿಗೆ ಕಾಲು ಸಿದ್ಧ ಇಟ್ಕೊಂಡೋಳು. ಈಗ ಕನ್ನಡಿ ಸರಿಮಾಡ್ಕೊಂಡು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೋಕ್ ಎಳೆದು, ಇಂಜಿನ್ ಹತ್ರ ಏನೋ ಗುಟ್ಟು ಹೇಳಿದ್ಲು.

ಮುದುಕಪ್ಪ ಹೊರಟ. ಎಮ್ಮೆ ಅಲ್ಲ ಈಗ. ಒಂದನೇ ಗೇರು, ಎರಡು, ಮೂರು, ಎಲ್ಲೂ ಕಿರಿಕ್ ಅನ್ನಲಿಲ್ಲ. ಧೂಳೆಬ್ಬಿಸ್ಕೊಂಡು ಅವರಿಬ್ಬರ ಮುಂದೆಯೇ ಹಾದು ಹೋದ. ಅಮ್ಮನ ಮುಖದಲ್ಲಿ ಒಂದು ನಗು ಇತ್ತು. ನಿಧಾನ ಅನ್ನೋ ಪದವೇ ಕೇಳಿರದವಳ ನಗು.

“ಅತ್ತೇನಾ ಅದು?” ಅಂದ ಭಾವ.

ಗಾಳಿಪಟ ಫೋನ್ ನೋಡಿದ್ಲು. ಮದುಮಗನಿಗಿಂತ ಹಿಂದೆಯೇ, ಅದು ನಿಜ. ಆದ್ರೆ ತಲೆ ತಗ್ಗಿಸೋಷ್ಟು ಹಿಂದೆ ಅಲ್ಲ. ಲಾರಿಗಳ ನಡುವೆ ಹೋಗಿ ಬರೋಕೆ ಧಾರಾಳ ಸಾಕು. ಬ್ರೇಕಿಗೆ ಬಂದಾಗ ಮಾತ್ರ ಉಕ್ಕಿನ ಕಥೆ ಮುಗೀತು: ಅಮ್ಮ ಗೆರೆ ಮೇಲೇ ಸರಿಯಾಗಿ ಒತ್ತಿದ್ರೂ ಮುದುಕಪ್ಪ ಹಸಿರು ಬಾಟಲಿ ದಾಟಿ, ಸ್ವಲ್ಪ ಸೊಟ್ಟಗೆ ನಿಂತ. ಆಮೇಲೆ ಅಮ್ಮ ಮದುಮಗನ್ನೂ ಹತ್ತಿ ಓಡಿಸಿದ್ಲು. ಅವನು ಹಸಿರಿಗಿಂತ ಎಷ್ಟೋ ಮುಂಚೆ, ಗೆರೆ ಎಳೆದ ಹಾಗೆ ನೆಟ್ಟಗೆ ನಿಂತ್ಬಿಟ್ಟ.

ಅಂದ್ರೆ ಗಾಳಿಪಟ ಬೆಳಗ್ಗೆ ಇಡೀ ಕ್ಲಾಸಿಗೆ ಗಂಟಲು ತುಂಬಿ ಹೇಳಿದ್ದು ಪೂರ್ತಿ ತಲೆಕೆಳಗು. ಹೊಸ ಕಾರು ಓಡೋದ್ರಲ್ಲೂ ಮೇಲು, ನಿಲ್ಲೋದ್ರಲ್ಲೂ ಮೇಲು. ನಿಲ್ಲೋಕೆ ಬರದೇ ಇರೋಳು ತಾನೊಬ್ಳೇ.

ಅವಳು ಗ್ರೂಪಲ್ಲಿ ಲೆಕ್ಚರರ್‌ಗೆ ಉತ್ತರ ಬರೆದ್ಲು: “ಅಮ್ಮ ಕೂತಿದ್ರು ಸರ್. ಅವರಿಗೆ ಬ್ರೇಕ್ ಇತ್ತು.” ಕೂಡಲೇ ಉತ್ತರ ಬಂತು: “ಅಂದ್ರೆ ಓಡಿಸ್ತಿದ್ದಿದ್ದು ಯಾರು?” ಗಾಳಿಪಟ ಫೋನ್ ಆಫ್ ಮಾಡಿ ಜೇಬಿಗೆ ಹಾಕ್ಕೊಂಡ್ಲು.

ಅಮ್ಮ ಮದುಮಗನಿಂದ ಇಳಿದು ಬಂದ್ಲು. “ಒಳ್ಳೇ ಕಾರು ಅಳಿಯಂದ್ರೇ. ನೀವು ಹೇಳಿದ್ದೆಲ್ಲ ಸರಿ.”

“ಹಾಗಾದ್ರೆ ಮಾರ್ತೀರಾ ಅತ್ತೆ?” ಅಂದ ಭಾವ. ವಿಚಿತ್ರ ಅಂದ್ರೆ, ಅವನ ದನೀಲೂ ಈಗ ಅಷ್ಟು ಉತ್ಸಾಹ ಇರ್ಲಿಲ್ಲ.

ಗಾಳಿಪಟ ಉಸಿರು ಹಿಡಿದ್ಲು. ಅಳಲ್ಲ, ಊಟ ಬಿಡಲ್ಲ, ಬಾಗಿಲು ದಡಾರ್ ಅನ್ಸಲ್ಲ ಅಂತ ಮಾತು ಕೊಟ್ಟಿದ್ಲು. ಮೂರನ್ನೂ ಒಟ್ಟಿಗೆ ಮಾಡ್ಬೇಕು ಅನ್ನಿಸ್ತಿತ್ತು.

ಅಮ್ಮ ಫೋನ್ ತೆಗೆದು ಪೇಂಟ್ ಅಂಗಡಿಯವ್ರಿಗೆ ಹಚ್ಚಿದ್ಲು. “ಹಲೋ, ನಾನು. ಇಲ್ಲ, ಡಬ್ಬ ವಿಷಯ ಅಲ್ಲ. ಕಾರು ಈಗ ಕೊಡೋಕಾಗಲ್ಲ. ಇಲ್ಲ ಇಲ್ಲ, ಚೆನ್ನಾಗೇ ಓಡ್ತಿದೆ. ಕಷ್ಟದ ಕೇಸ್ ಒಂದು ಬಂದಿದೆ, ಪಕ್ಕದಲ್ಲಿ ಬ್ರೇಕ್ ಇಲ್ಲದೇ ಕಲಿಸೋಕಾಗಲ್ಲ. ಹೂಂ. ಹೂಂ, ಅವಳೇ. ಹೆಂಗೆ ಗೊತ್ತಾಯ್ತು?”

ಭಾವ ನಗು ತಡಿಯೋಕೆ ಆ ಕಡೆ ತಿರುಗಿದ. ಗಾಳಿಪಟ ಮುದುಕಪ್ಪನ ಹಿಂದಿನ ಬಾಗಿಲು ತೆಗೆದು, ಸವೆದುಹೋದ ಸೀಟಿನ ಮೇಲೆ ಧೊಪ್ಪಂತ ಬಿದ್ಲು. ಅವಮಾನ, ಖುಷಿ ಎರಡೂ ಒಟ್ಟಿಗೆ ಬಂದ್ರೆ ಯಾವ ಮುಖ ಮಾಡ್ಬೇಕು ಅಂತ ತಿಳೀದೆ ಸೀಟಿಗೆ ಮುಖ ಒತ್ಕೊಂಡ್ಲು. ಸೀಟಿಗೆ ಅದೇ ಹಳೇ ವಾಸನೆ.

“ಏಳೇ ಮೇಲೆ,” ಅಂದ್ಲು ಅಮ್ಮ. “ನಾಳೆಯಿಂದ ಮೊದಲನೇ ಪಾಠ. ಸೀಟ್ ಹೆಂಗೆ ಸರಿಮಾಡ್ಕೊಳ್ಳೋದು ಅಂತ ಶುರು ಮಾಡೋಣ. ನಾನು ಕಾಲು ಎತ್ತಿ ಸೀಟ್ ಮೇಲೆ ಮಡಚಿಟ್ಕೊಂಡು ಕೂರ್ತೀನಿ. ತೀರಾ ಜೀವಕ್ಕೆ ಕುತ್ತು ಬಂದ್ರೆ ಮಾತ್ರ ಇಳಿಸ್ತೀನಿ.”

“ಲೈಸೆನ್ಸ್ ಇರೋಳಿಗೆ ಮೊದಲನೇ ಪಾಠನಾ?”

“ಆ ಲೈಸೆನ್ಸಲ್ಲಿ ಅರ್ಧ ಇನ್ಸ್‌ಪೆಕ್ಟರದು.”

ಭಾವ ಈಗ ಜೋರಾಗೇ ನಕ್ಕ. ನಗ್ತಾ ನಗ್ತಾ ನಡುವೆ ಗಕ್ಕಂತ ನಿಲ್ಲಿಸಿದ. ಮುದುಕಪ್ಪನ ಪಕ್ಕದ ಸೀಟಿನ ಕೆಳಗೆ, ತುಳಿದು ತುಳಿದು ನುಣ್ಣಗಾಗಿದ್ದ ಬ್ರೇಕ್ ಪೆಡಲ್ ಕಡೆ ಅವನ ಕಣ್ಣು ಹೋಗಿತ್ತು. ಹಾಗೇ ನಿಧಾನಕ್ಕೆ ತನ್ನ ಮಿಂಚೋ ಮದುಮಗನ ಕಡೆ ನೋಡಿದ.

“ಅತ್ತೆ,” ಅಂದ, ದನಿ ಸಣ್ಣ ಮಾಡಿ. “ನಾನು ಕಲಿತಿದ್ದೂ ಇದರಲ್ಲೇ ಅಲ್ವಾ? ಆಗಲೂ... ಕಾಲು?”

“ನೀವು ಹಿಂದಿನ ಸೀಟಲ್ಲಿ ಕೂತಿದ್ದ ನನ್ನ ದೊಡ್ಡ ಮಗಳನ್ನ ಕನ್ನಡೀಲಿ ನೋಡ್ಕೊಂಡು ಓಡಿಸ್ತಿದ್ರಿ,” ಅಂದ್ಲು ಅಮ್ಮ. “ರಸ್ತೆ ನೋಡೋಕೆ ಯಾರಾದ್ರೂ ಬೇಕಿತ್ತಲ್ಲ.”

ಹಿಂದಿನ ಸೀಟಿಂದ ಗಾಳಿಪಟದ ತಲೆ ಮೇಲೆ ಬಂತು. ಡಬ್ಬ ಉರುಳಿದ್ಮೇಲೆ ಮೊದಲನೇ ಸಲ ಅವಳ ಮುಖ ಅರಳ್ತು.

ಅಮ್ಮ ಬಾಟಲಿಗಳನ್ನ ಎತ್ತಿ ಮಗಳ ಕೈಗೆ ಕೊಟ್ಲು, ನೀಲಿ ಮುಚ್ಚಳದ್ದು ನಜ್ಜುಗುಜ್ಜಾಗಿತ್ತು. “ನಾಳೆ ಬೆಳಗ್ಗೆ ಇಲ್ಲೇ ಸಿಗೋಣ. ಆರು ಗಂಟೆಗೆ ಅವಳು, ಆರೂವರೆಗೆ ನೀವು. ಲೇಟ್ ಮಾಡ್ಬೇಡಿ ಅಳಿಯಂದ್ರೇ. ಮತ್ತೆ ಬರೋವಾಗ ನನ್ನ ದೊಡ್ಡ ಮಗಳನ್ನೂ ಕರ್ಕೊಂಡು ಬನ್ನಿ, ಆದ್ರೆ ಹಿಂದೆ ಕೂರಿಸಲ್ಲ, ಹೊರಗೆ ನಿಲ್ಲಿಸ್ತೀನಿ.”